ತಾಜಿಕ್ ಮನೆಯ ಊಟಕ್ಕೆ ಕರೆ ಬಂದಿದೆ, ನಾನೋ ಸಸ್ಯಾಹಾರಿ. ಏನೇನು ತಿಳಿದಿರಬೇಕು?

ಹೊಸಬ ದುಶಾಂಬೆ:
ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ತಜಿಕಿಸ್ತಾನಕ್ಕೆ ಬಂದು ಮೂರು ವಾರವಾಯಿತು. ದುಶಾಂಬೆಯಲ್ಲಿ ಒಂದು ರೂಮು, ಒಂದು ಕುಕ್ಕರು, ಊರಿಂದ ಹೊತ್ತು ತಂದ ಎರಡು ಕೆಜಿ ಸಾರಿನ ಪುಡಿ. ಇಷ್ಟರಲ್ಲೇ ದಿನ ತಳ್ಳುತ್ತಿದ್ದೇನೆ. ಜೊತೆಗೆ ಕೆಲಸ ಮಾಡುವ ಹಿರಿಯರೊಬ್ಬರು ಬರುವ ಭಾನುವಾರ ಹಿಸಾರ್ ಹತ್ತಿರದ ತಮ್ಮ ಹಳ್ಳಿಮನೆಗೆ ಊಟಕ್ಕೆ ಕರೆದಿದ್ದಾರೆ. ಎರಡು ಸಲ ನೆಪ ಹೇಳಿ ತಪ್ಪಿಸಿಕೊಂಡೆ. ಮೂರನೇ ಸಲ ಕರೆದಾಗ ಅವರ ಮುಖ ನೋಡಿ ಇಲ್ಲ ಅನ್ನಲು ಬಾಯಿ ಬರಲಿಲ್ಲ.

ನಾನು ಮೊಟ್ಟೆಯನ್ನೂ ತಿನ್ನುವವನಲ್ಲ. ಹಾಲು, ಮೊಸರು ಆಗುತ್ತದೆ. ಅವರಿಗೆ ಬೇಜಾರಾಗದಂತೆ ಇದನ್ನು ಹೇಗೆ ಹೇಳುವುದು? ಕೈಯಲ್ಲಿ ಏನು ಹಿಡಿದು ಹೋಗಬೇಕು? ಇನ್ನೊಂದು ವಿಷಯ. ಆಫೀಸಿನಲ್ಲಿ ಎಲ್ಲರೂ ನನ್ನನ್ನು ‘ಅಕಾ, ಅಕಾ’ ಎನ್ನುತ್ತಾರೆ. ಮೀಸೆ ಹೊತ್ತ ಗಂಡಸನ್ನು ಅಕ್ಕ ಅಂದರೆ ಹೇಗೆ ಸ್ವಾಮಿ?

ಮೂರನೇ ವರ್ಷದವಳು:
ಅಣ್ಣಾ, ‘ಅಕಾ’ ಅಂದ್ರೆ ಇಲ್ಲಿ ಅಣ್ಣ ಅಂತಲೇ! ಅಕ್ಕನಿಗೆ ‘ಅಪಾ’ ಅಂತಾರೆ. ನಾನು ಬಂದ ಹೊಸದರಲ್ಲಿ ಅಮ್ಮನಿಗೆ ಫೋನ್ ಮಾಡಿ “ನಮ್ಮ ಮನೆ ಓನರ್ ಅಪಾ ತುಂಬಾ ಒಳ್ಳೇವ್ರಮ್ಮ, ನಿನ್ನೆ ರಾತ್ರಿ ನಂಗೆ ಜಡೆ ಹಾಕಿದ್ರು” ಅಂದೆ. ಆ ಕಡೆಯಿಂದ ಸದ್ದೇ ಇಲ್ಲ. ಆಮೇಲೆ ಒಂದೇ ಪ್ರಶ್ನೆ, “ಯಾರ ಅಪ್ಪ?”

ನಾನಿಲ್ಲಿ ಮೆಡಿಕಲ್ ಓದ್ತಿದೀನಿ. ಮನೆಗಳಿಗೆ ಹೋಗಿ ಬಂದು ಕಲಿತದ್ದು ಹೇಳ್ತೀನಿ. ಚಪ್ಪಲಿ ಬಾಗಿಲಲ್ಲಿ ಬಿಡೋದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ತೂತಿಲ್ಲದ ಸಾಕ್ಸ್ ಹಾಕ್ಕೊಂಡು ಹೋಗಿ, ಅಷ್ಟೇ. ಒಳಗೆ ಗೋಡೆಗುಂಟ ಕುರ್ಪಾಚಾ ಅಂತ ಉದ್ದುದ್ದ ಹತ್ತಿ ಹಾಸುಗಳು, ನಡುವೆ ಊಟ ಹರಡೋ ದಸ್ತರ್‌ಖಾನ್ ಬಟ್ಟೆ. ಅದನ್ನ ತುಳಿಯೋದು, ದಾಟೋದು ಇಲ್ಲವೇ ಇಲ್ಲ. ಸುತ್ತಿ ಬಂದು ಕೂತ್ಕೋಬೇಕು. ನಿಮ್ಮನ್ನ ಬಾಗಿಲಿಂದ ಅತಿ ದೂರ ಕೂರಿಸ್ತಾರೆ, ಅದು ಮರ್ಯಾದೆಯ ಜಾಗ. ಸಂಕೋಚ ಪಟ್ಕೊಂಡು ಬಾಗಿಲ ಹತ್ತಿರ ಕೂತ್ರೆ ಬೈದು ಎಳ್ಕೊಂಡು ಹೋಗ್ತಾರೆ. ಮನೆಯ ಚಿಕ್ಕ ಹುಡುಗ ಹೂಜಿ, ಬೋಗುಣಿ ತಂದು ಕೈ ಮೇಲೆ ನೀರು ಹಾಕ್ತಾನೆ. ಒದ್ದೆ ಕೈ ಕೊಡವಬೇಡಿ, ಅವನ ಹೆಗಲ ಮೇಲಿರೋ ಟವೆಲ್ಲಿಗೆ ಒರೆಸಿ.

ಎಲ್ಲಕ್ಕಿಂತ ಮುಖ್ಯ ‘ನೋನ್’. ನಾವು ಹೋಟೆಲ್ಲಲ್ಲಿ ತಿನ್ನೋ ನಾನ್‌ನ ದೊಡ್ಡಪ್ಪ. ದುಂಡಗೆ ದಪ್ಪಗೆ, ನಡುವೆ ಮುಳ್ಳಚ್ಚಿಂದ ಚುಚ್ಚಿದ ಚಿತ್ತಾರ, ಮಣ್ಣಿನ ತನೂರು ಒಲೆಯ ಗೋಡೆಗೆ ಬಡಿದು ಸುಟ್ಟಿರ್ತಾರೆ. ಅದಕ್ಕೆ ಚಾಕು ಹಾಕೋಲ್ಲ, ಕೈಯಲ್ಲೇ ಮುರೀತಾರೆ. ಬೋರಲು ಇಡಬಾರದು. ಒಂದಿನ ನಮ್ಮ ಬೀದಿಯಲ್ಲಿ ನೆಲಕ್ಕೆ ಬಿದ್ದಿದ್ದ ತುಂಡನ್ನ ಒಬ್ಬ ಅಜ್ಜ ಎತ್ತಿ, ಮುತ್ತಿಟ್ಟು, ಹಣೆಗೆ ಒತ್ಕೊಂಡು, ಹಕ್ಕಿಗೆ ಸಿಗೋ ಹಾಗೆ ಗೋಡೆ ಮೇಲೆ ಇಟ್ಟು ಹೋದ್ರು.

ಚಹಾಕ್ಕೆ ಹಾಲು ಇಲ್ಲ, ಹಸಿರು ಚಹಾ. ಮನೆಯವರು ಪಿಯಾಲಾ ಅನ್ನೋ ಚಹಾ ಬಟ್ಟಲಿಗೆ ಬಗ್ಗಿಸಿ ಮತ್ತೆ ಕೆಟಲ್‌ಗೇ ಸುರೀತಾರೆ, ಹೀಗೆ ಮೂರು ಸಲ. ಆಮೇಲೆ ನಿಮಗೆ ಅರ್ಧ ಪಿಯಾಲಾ ಮಾತ್ರ. ಜಿಪುಣತನ ಅಂದ್ಕೋಬೇಡಿ. ಮತ್ತೆ ಮತ್ತೆ ಕೈಯಾರೆ ಬಗ್ಗಿಸಿ ಕೊಡೋದೇ ಉಪಚಾರ. ಪೂರ್ತಿ ತುಂಬಿಸಿ ಕೊಟ್ರೆ ‘ಕುಡಿದು ಹೊರಡಿ’ ಅಂತ ಅರ್ಥ.

ಮಾಂಸ ಬೇಡ ಅನ್ನೋಕೆ “ಮನ್ ಗುಶ್ತ್ ನಮೇಖುರಮ್” ಅನ್ನಿ. ಆದ್ರೆ ಇಷ್ಟೇ ಹೇಳಿದ್ರೆ ಕೋಳಿ ತಂದಿಡ್ತಾರೆ, ಇಲ್ಲಾ ಪಾತ್ರೆಯಿಂದ ತುಂಡುಗಳನ್ನ ಆರಿಸಿ ತೆಗೆದು ಉಳಿದದ್ದು ಬಡಿಸ್ತಾರೆ. ಮುಂಚೆಯೇ ಹೇಳಿಬಿಡಿ. ಹಿಂದಿ ನೆನಪಲ್ಲಿ “ಸಬ್ಜಿ ಮಾತ್ರ ಸಾಕು” ಅಂತ ಮಾತ್ರ ಹೇಳಬೇಡಿ. ತಾಜಿಕ್‌ನಲ್ಲಿ ಸಬ್ಜಿ ಅಂದ್ರೆ ಕ್ಯಾರೆಟ್! ನನ್ನ ರೂಮ್‌ಮೇಟ್ ಹಾಗಂದು ಒಂದು ತಟ್ಟೆ ಹಸಿ ಕ್ಯಾರೆಟ್ ತಿಂದು ಬಂದಳು.

ತಾಷ್ಕೆಂಟ್ ರಿಟರ್ನ್:
ಅಲ್ಲಿನ ಮುಖ್ಯ ಊಟ ಅಂದರೆ ಪಲೋವ್. ಅದರಲ್ಲಿ ಮಾಂಸ ಇದ್ದೇ ಇರುತ್ತದೆ. ಅಂದಹಾಗೆ ಪಲೋವ್ ಮೂಲತಃ ಉಜ್ಬೆಕ್ಕರದು, ತಾಜಿಕರು ಅದನ್ನೇ ‘ಓಶ್’ ಅಂತ ಹೆಸರಿಟ್ಟುಕೊಂಡು ತಮ್ಮದು ಎನ್ನುತ್ತಾರೆ. ಐದು ವರ್ಷ ತಾಷ್ಕೆಂಟ್‌ನಲ್ಲಿದ್ದವನ ಮಾತು ಇದು.

ಪದ ಹುಡುಕುವವ:
ಸ್ವಾಮಿ, ಈ ಜಗಳದಲ್ಲಿ ಯುನೆಸ್ಕೋದವರೇ ಜಾಣತನ ಮಾಡಿದ್ದಾರೆ. 2016ರಲ್ಲಿ ತಾಜಿಕರ ಓಶಿ ಪಲೋವ್‌ಗೂ ಉಜ್ಬೆಕ್ಕರ ಪಲೋವ್‌ಗೂ ಒಂದೇ ವರ್ಷ ಬೇರೆ ಬೇರೆಯಾಗಿ ತಮ್ಮ ಸಾಂಸ್ಕೃತಿಕ ಪರಂಪರೆಯ ಪಟ್ಟಿಯಲ್ಲಿ ಜಾಗ ಕೊಟ್ಟು ಕೈತೊಳೆದುಕೊಂಡರು. ಉಜ್ಬೆಕಿಸ್ತಾನದ ಸಮರ್ಖಂಡ, ಬುಖಾರಾಗಳಲ್ಲಿ ಇವತ್ತಿಗೂ ಮನೆಮಾತು ತಾಜಿಕ್ ಆಗಿರುವವರು ಲೆಕ್ಕವಿಲ್ಲದಷ್ಟು ಜನ. ಗಡಿ ಎಳೆದದ್ದು 1920ರ ದಶಕದ ಸೋವಿಯತ್ ಸರ್ಕಾರ. 1924ರಲ್ಲಿ ತಜಿಕಿಸ್ತಾನ ಉಜ್ಬೆಕಿಸ್ತಾನದ ಒಳಗಿನ ಸ್ವಾಯತ್ತ ಭಾಗ, 1929ರಲ್ಲಿ ಪ್ರತ್ಯೇಕ ಗಣರಾಜ್ಯ. ಒಲೆಯ ಮೇಲಿದ್ದ ಪಾತ್ರೆಗೆ ಈ ಗಡಿ ಗೊತ್ತಿರಲಿಲ್ಲ.

ತಾಷ್ಕೆಂಟ್ ರಿಟರ್ನ್:
ಪಾತ್ರೆಗೆ ಗೊತ್ತಿಲ್ಲದಿರಬಹುದು, ನಾಲಿಗೆಗೆ ಗೊತ್ತು.

ತುಮಕೂರು ಮಾವ:
ಜಗಳ ಆಮೇಲೆ. ಮೊದಲು ಅದನ್ನ ಮಾಡೋದು ಹೇಗೆ ಅಂತ ಹೇಳ್ರಪ್ಪ. ನಮ್ಮ ಕಡೆ ಪಲಾವ್ ಅಂದ್ರೆ ಪುದೀನ, ತೆಂಗಿನಕಾಯಿ ಹಾಲು. ಅಲ್ಲೇನು ಹಾಕ್ತಾರೆ?

ಮೂರನೇ ವರ್ಷದವಳು:
ಮಾವ, ಮಸಾಲೆ ಅಂತ ಹುಡುಕಿದ್ರೆ ಜೀರಿಗೆ ಬಿಟ್ಟು ಹೆಚ್ಚೇನೂ ಸಿಗಲ್ಲ. ದೊಡ್ಡ ಎರಕದ ಬಾಣಲೆ, ಅದಕ್ಕೆ ‘ದೇಗ್’ ಅಂತಾರೆ. ಎಣ್ಣೆ ಅಥವಾ ಕುರಿಬಾಲದ ಕೊಬ್ಬು ಹೊಗೆಯಾಡೋ ಹಾಗೆ ಕಾಯಿಸಿ, ಮಾಂಸ, ಈರುಳ್ಳಿ, ಆಮೇಲೆ ಕ್ಯಾರೆಟ್. ಹಳದಿ ಕ್ಯಾರೆಟ್ಟೂ ಹಾಕ್ತಾರೆ. ಅದನ್ನ ತುರಿಯೋ ಹಾಗಿಲ್ಲ, ಬೆಂಕಿಕಡ್ಡಿ ಗಾತ್ರಕ್ಕೆ ಚಾಕುವಲ್ಲೇ ಹೆಚ್ಚಬೇಕು. ತುರಿದ್ರೆ ಕರಗಿ ಮುದ್ದೆ ಆಗುತ್ತೆ. ನೆನೆಸಿದ ಕಡಲೆಕಾಳು, ಹುಳಿ ಹುಳಿಯಾದ ಜಿರ್ಕ್ ಅನ್ನೋ ಒಣಹಣ್ಣು, ಇಡೀ ಇಡೀ ಬೆಳ್ಳುಳ್ಳಿ ಗೆಡ್ಡೆ. ಇದೆಲ್ಲ ಬೆಂದ ಮೇಲೆ ಅಕ್ಕಿಯನ್ನ ಮೇಲೆ ಹರಡಿ ನೀರು ಹಾಕ್ತಾರೆ, ಕಲಕಲ್ಲ. ನೀರು ಇಂಗಿದ ಮೇಲೆ ಅಕ್ಕಿಯನ್ನ ನಡುವಿಗೆ ಗುಡ್ಡೆ ಮಾಡಿ ಮುಚ್ಚಿಡ್ತಾರೆ.

ಮದುವೆಗಳಲ್ಲಿ ಬೆಳಗಿನ ಜಾವವೇ ಗಂಡಸರನ್ನ ಕರೆದು ಓಶ್ ಬಡಿಸೋ ಪದ್ಧತಿ ಇದೆ. ಕೆಲಸಕ್ಕೆ ಹೋಗೋ ಮುಂಚೆ ಆರು ಗಂಟೆಗೆ ಕೂತು ಅಷ್ಟು ಎಣ್ಣೆ ಅನ್ನ ಹೇಗೆ ತಿಂತಾರೋ! ಮದುವೆಗೆ 150ಕ್ಕಿಂತ ಹೆಚ್ಚು ಜನರನ್ನ ಕರೀಬಾರದು ಅಂತ 2007ರಲ್ಲಿ ಸರ್ಕಾರ ಕಾನೂನೇ ಮಾಡಿತು. ಜನ ಸಾಲ ಮಾಡಿ ಮುಳುಗ್ತಿದ್ರು ಅಂತ.

ತುಮಕೂರು ಮಾವ:
150 ಅಂದ್ರೆ ನಮ್ಮ ಕಡೆ ಬೀಗರ ಬಸ್ಸಿಗೇ ಸಾಲದು. ಆದ್ರೂ ಆ ಕಾನೂನು ನಮಗೂ ಬೇಕಿತ್ತು, ಎರಡು ಮಗಳ ಮದುವೆ ಮಾಡಿದವನು ಹೇಳ್ತಿದೀನಿ.

ಹೊಸಬ ದುಶಾಂಬೆ:
ಹಾಗಾದರೆ ನನ್ನ ಗತಿ? ಕ್ಯಾರೆಟ್ಟೇ?

ಮೂರನೇ ವರ್ಷದವಳು:
ಇಲ್ಲ, ನಿಮ್ಮ ಅದೃಷ್ಟಕ್ಕೆ ‘ಕುರುತೋಬ್’ ಇದೆ. ದೇಶದ ಹೆಮ್ಮೆಯ ಊಟ, ಸಾಮಾನ್ಯವಾಗಿ ಮಾಂಸವೇ ಹಾಕಲ್ಲ. ಮೊಸರು ಬಸಿದು ‘ಚಕ್ಕಾ’ ಮಾಡಿ, ಉಪ್ಪು ಬೆರೆಸಿ, ಉಂಡೆ ಕಟ್ಟಿ ಬಿಸಿಲಲ್ಲಿ ಕಲ್ಲಿನ ಹಾಗೆ ಒಣಗಿಸಿದ್ದು ಕುರುತ್. ಅದನ್ನ ನೀರಲ್ಲಿ ಉಜ್ಜಿ ಕರಗಿಸಿ ಬಿಸಿ ಮಾಡ್ತಾರೆ. ‘ಓಬ್’ ಅಂದ್ರೆ ನೀರು. ಮರದ ದೊಡ್ಡ ಹರಿವಾಣದಲ್ಲಿ, ಅದಕ್ಕೆ ತಬಾಕ್ ಅಂತಾರೆ, ಪದರ ಪದರವಾದ ಫತೀರ್ ರೊಟ್ಟಿ ಮುರಿದು ಹಾಕಿ, ಮೇಲೆ ಆ ಹುಳಿ ನೀರು ಸುರಿದು, ಎಣ್ಣೆಯಲ್ಲಿ ಹುರಿದ ಈರುಳ್ಳಿ, ಸೌತೆ, ಟೊಮೆಟೊ, ಸೊಪ್ಪು. ಹಳ್ಳಿ ಕಡೆ ಅಗಸೆ ಎಣ್ಣೆಯಲ್ಲೇ ಮಾಡೋದು. ದುಶಾಂಬೆಯಲ್ಲಿ ಇದಕ್ಕೆ ಅಂತಲೇ ಹೋಟೆಲ್‌ಗಳಿವೆ.

ಬೆಳಗಾವಿ ಕುಂದಾ:
ತಂಗಿ, ಒಂದ್ ನಿಮಿಷ ನಿಲ್ಲವಾ. ಚಕ್ಕಾ ಅಂದಿ? ನಮ್ಮ ಮನ್ಯಾಗ ಶ್ರೀಖಂಡ ಮಾಡಾಕ ಮಸರು ಬಟ್ಟ್ಯಾಗ ಕಟ್ಟಿ ತೂಗಹಾಕ್ತೀವಲ್ಲ, ಅದಕ್ಕೂ ಚಕ್ಕಾ ಅಂತನ ಅಂತಾರ. ನಮ್ಮವ್ವ ಚಕ್ಕಾಕ್ಕ ಸಕ್ರಿ ಹಾಕ್ತಾಳ, ಅವರು ಉಪ್ಪ ಹಾಕ್ತಾರ, ಅಷ್ಟ ಫರಕ. ಮ್ಯಾಲ ಅಗಸಿ ಎಣ್ಣಿ ಬ್ಯಾರೆ! ಇವ್ರು ನಮ್ಮ ಬೀಗರ ಇದ್ದಂಗ ಅದಾರ ಬಿಡ್ರಿ.

ಪದ ಹುಡುಕುವವ:
ಬೀಗರು ಹೌದೋ ಅಲ್ಲವೋ, ನೆರೆಯವರಂತೂ ಹೌದು. ತಾಜಿಕ್ ಅಂದರೆ ಪರ್ಶಿಯನ್ ನುಡಿಯ ಒಂದು ರೂಪ, ಈಗ ರಷ್ಯನ್ನರ ಸಿರಿಲಿಕ್ ಲಿಪಿಯಲ್ಲಿ ಬರೆಯುತ್ತಾರೆ. ನಮ್ಮ ಬೀದರ, ವಿಜಯಪುರದ ದರ್ಬಾರುಗಳಲ್ಲಿ ನೂರಾರು ವರ್ಷ ಪರ್ಶಿಯನ್ ನಡೆದದ್ದರಿಂದ ಅರ್ಧ ಪೇಟೆ ಪದಗಳು ಇಬ್ಬರಿಗೂ ಒಂದೇ. ಅವರ ಜಮೀನ್ ನಮ್ಮ ಜಮೀನು, ಅವರ ಕೋರ್‌ಖೋನಾ ನಮ್ಮ ಕಾರ್ಖಾನೆ, ಕುರ್ಸಿ ಕುರ್ಚಿ. ನಮ್ಮ ಅಜ್ಜಂದಿರು ಸುತ್ತುತ್ತಿದ್ದ ರುಮಾಲು ಅಲ್ಲಿ ‘ರೂಯ್‌ಮೋಲ್’, ಹೆಂಗಸರು ತಲೆಗೆ ಕಟ್ಟುವ ವಸ್ತ್ರ. ಹಫ್ತಾ ಅಂದರೆ ಅಲ್ಲಿ ಬರೀ ವಾರ. ನಮ್ಮಲ್ಲಿ ರೌಡಿಗಳು ವಾರ ವಾರ ವಸೂಲಿಗೆ ನಿಂತು ಪಾಪದ ಪದದ ಹೆಸರು ಕೆಡಿಸಿದರು. ದುಶಾಂಬೆ ಅಂದರೂ ಸೋಮವಾರವೇ, ಸೋಮವಾರದ ಸಂತೆ ಕೂಡುತ್ತಿದ್ದ ಹಳ್ಳಿ ರಾಜಧಾನಿಯಾಯಿತು. ಇನ್ನು ತಾಜಿಕರು ತಲೆಯ ಮೇಲೆ ಹೊತ್ತು ಮೆರೆಸುವ ಕವಿ ಬೇದಿಲ್ ಹುಟ್ಟಿದ್ದು ಪಾಟ್ನಾದಲ್ಲಿ, 1720ರಲ್ಲಿ ತೀರಿಕೊಂಡದ್ದು ದೆಹಲಿಯಲ್ಲಿ. ನಮ್ಮಲ್ಲಿ ಅವನನ್ನು ಕೇಳುವವರಿಲ್ಲ.

ಕರಾವಳಿ ಸೈಕಲ್:
ನಾನು ಪಾಮೀರ್ ಬೆಟ್ಟಗಳ ಕಡೆ ಸೈಕಲಿನಲ್ಲಿ ಹೋಗಿ ಬಂದವ ಮಾರಾಯ್ರೆ. ಅಲ್ಲಿಯವರಿಗೆ ದುಶಾಂಬೆಯ ಲೆಕ್ಕ ಹಾಕಬೇಡಿ. ಅವರ ಮಾತೇ ಬೇರೆ, ಶುಗ್ನಿ, ವಾಖಿ ಅಂತ ಉಂಟು. ಶಿಯಾ ಮುಸ್ಲಿಮರಲ್ಲಿ ಇಸ್ಮಾಯಿಲಿ ಪಂಥದವರು. ಮನೆಯೊಳಗೆ ಐದು ಕಂಬ, ಐದಕ್ಕೂ ಪ್ರವಾದಿಯವರ ಮನೆಯ ಐದು ಜನರ ಹೆಸರು. ಮಾಡಿನಲ್ಲಿ ಒಂದರೊಳಗೊಂದು ತಿರುಗಿಸಿಟ್ಟ ನಾಲ್ಕು ಚೌಕದ ಬೆಳಕಿಂಡಿ. ಬೆಳಿಗ್ಗೆ ‘ಶೀರ್‌ಚಾಯ್’ ಕೊಡ್ತಾರೆ. ಹಾಲು, ಬೆಣ್ಣೆ ಹಾಕಿದ ಚಹಾ ಅಂತ ಖುಷಿಯಲ್ಲಿ ಬಾಯಿಗಿಟ್ಟೆ, ಉಪ್ಪು! ಮೂರನೇ ದಿನಕ್ಕೆ ಅದಿಲ್ಲದಿದ್ದರೆ ಸೈಕಲ್ ಏರಲು ಆಗ್ತಿರಲಿಲ್ಲ.

ಆದರೆ ಇಲ್ಲಿ ಯಾರೂ ಹೇಳದ ವಿಷಯ ಒಂದುಂಟು. ಓಶ್ ಆಗಲಿ ಕುರುತೋಬ್ ಆಗಲಿ ತಟ್ಟೆ ತಟ್ಟೆಗೆ ಬಡಿಸುವುದಿಲ್ಲ. ಎಲ್ಲರೂ ಒಂದೇ ಹರಿವಾಣಕ್ಕೆ ಕೈ ಹಾಕುವುದು. ನಮ್ಮವರಿಗೆ ಕಷ್ಟ ಆಗುವುದು ಮಾಂಸಕ್ಕಿಂತ ಅಲ್ಲಿಯೇ.

ಹೊಸಬ ದುಶಾಂಬೆ:
ಅಯ್ಯೋ. ಇದನ್ನು ಯೋಚಿಸಿಯೇ ಇರಲಿಲ್ಲ. ನಿಜ ಹೇಳುತ್ತೇನೆ, ನಮ್ಮ ಮನೆಯಲ್ಲಿ ಅಮ್ಮ ಸಾರಿನ ರುಚಿಯನ್ನೂ ಅಂಗೈಗೆ ಹಾಕಿಕೊಂಡೇ ನೋಡುವುದು. ಎಂಜಲು ಅನ್ನುವುದು ತಲೆಯಲ್ಲಿ ಕೂತುಬಿಟ್ಟಿದೆ. ಬೇರೆ ತಟ್ಟೆ ಕೇಳಿದರೆ ತಪ್ಪಾಗುತ್ತದೆಯೇ?

ಹೆಸರು ಬೇಡ:
ಎಂಜಲಿನ ಹಿಂದೆ ಜಾತಿ ಇದೆ. ಅದನ್ನು ಊರಲ್ಲೇ ಬಿಟ್ಟು ಹೋಗಬೇಕಿತ್ತು.

ತುಮಕೂರು ಮಾವ:
ಎಲ್ಲಾದಕ್ಕೂ ಅದನ್ನೇ ತರಬೇಡಿ. ನನ್ನ ಹೆಂಡ್ತಿ ಕಚ್ಚಿದ ಮಾವಿನಹಣ್ಣನ್ನ ನಾನು ತಿನ್ನಲ್ಲ, ಅದ್ಯಾವ ಜಾತಿ?

ಹೆಸರು ಬೇಡ:
ನೀವು ಕಚ್ಚಿದ್ದನ್ನು ಅವರು ತಿನ್ನುತ್ತಾರಾ? ಯೋಚನೆ ಮಾಡಿ ಮಾವ.

ಮೂರನೇ ವರ್ಷದವಳು:
ಪಾಪ, ಅವರು ಕೇಳಿದ್ದು ಭಾನುವಾರದ ಊಟದ ಬಗ್ಗೆ. ಅಣ್ಣಾ, ಕೇಳಿದ್ರೆ ಬೇರೆ ತಟ್ಟೆ ಕೊಡ್ತಾರೆ, ಏನೂ ಅನ್ನಲ್ಲ. ಆದ್ರೆ ಹರಿವಾಣಕ್ಕೂ ಒಂದು ಶಿಸ್ತಿದೆ. ಬಲಗೈ ಮಾತ್ರ, ನಿಮ್ಮ ಮುಂದಿನ ಪಾಲಿನಲ್ಲಷ್ಟೇ ಕೈ ಆಡಬೇಕು, ಆಚೆ ಬದಿಗೆ ಹೋಗಬಾರದು. ಹೀಗೆ ಜೊತೆಗೆ ಉಂಡವರನ್ನ ‘ಹಮ್‌ಕೋಸಾ’ ಅಂತಾರೆ, ಒಂದೇ ಬಟ್ಟಲಿನವರು. ಕೈಯಲ್ಲಿ ಹಣ್ಣು, ಸಿಹಿ ಹಿಡ್ಕೊಂಡು ಹೋಗಿ. ಊಟ ಮುಗಿದಾಗ ಹಿರಿಯರು ಎರಡೂ ಅಂಗೈ ಎತ್ತಿ ಪ್ರಾರ್ಥನೆ ಹೇಳಿ ‘ಓಮಿನ್’ ಅಂತ ಮುಖ ಸವರಿಕೊಳ್ತಾರೆ. ಅದಾದ ಮೇಲೆ ತಿನ್ನೋ ಹಾಗಿಲ್ಲ.

(ನಾಲ್ಕು ದಿನದ ನಂತರ)

ಹೊಸಬ ದುಶಾಂಬೆ:
ಹೋಗಿ ಬಂದೆ. ಉದ್ದ ಆಗುತ್ತದೆ, ಕ್ಷಮಿಸಿ.

ಮಣ್ಣಿನ ಕಾಂಪೌಂಡು, ನೀಲಿ ಕಬ್ಬಿಣದ ಗೇಟು, ಒಳಗೆ ಅಂಗಳ. ಎಲೆಯುದುರಿದ ಎರಡು ಹಿಪ್ಪುನೇರಳೆ ಮರ, ಒಂದು ಹಸು, ಮೂಲೆಯಲ್ಲಿ ತನೂರು. ಹೊರಗೆ ಚಳಿ ಕೊರೆಯುತ್ತಿತ್ತು. ಒಳಗೆ ನೆಲದಲ್ಲಿ ಕುಳಿ ತೋಡಿ ಕೆಂಡ ಹಾಕಿ, ಮೇಲೆ ಗಿಡ್ಡ ಮೇಜಿಟ್ಟು, ಅದರ ಮೇಲೆ ದೊಡ್ಡ ರಜಾಯಿ ಹೊದಿಸಿದ್ದರು. ಸಂದಲೀ ಎನ್ನುತ್ತಾರಂತೆ. ಎಲ್ಲರೂ ಸುತ್ತ ಕೂತು ರಜಾಯಿಯೊಳಗೆ ಕಾಲು ತೂರಿಸಿದೆವು. ಅವರ ತಾಯಿಗೆ ಎಂಬತ್ತರ ಮೇಲೆ. ಎದೆಯ ಮೇಲೆ ಕೈಯಿಟ್ಟು ನನ್ನ ಅಪ್ಪ, ಅಮ್ಮ, ಹೆಂಡತಿ, ಮಕ್ಕಳು ಎಲ್ಲರ ಆರೋಗ್ಯ ಒಂದೊಂದಾಗಿ ವಿಚಾರಿಸಿದರು. ನಾನು ಉತ್ತರ ಕೊಡುವ ಮೊದಲೇ ಮುಂದಿನ ಪ್ರಶ್ನೆ. ಉತ್ತರ ಮುಖ್ಯವಲ್ಲ, ಕೇಳುವುದು ಮುಖ್ಯ ಅಂತ ಆಮೇಲೆ ಹೊಳೆಯಿತು. ಇಲ್ಲಿನವರಿಗೆ ಹಿಂದಿ ಸಿನಿಮಾ ಗೀಳು. ಅಜ್ಜಿಯೂ ರಾಜ್ ಕಪೂರ್ ಹೆಸರು ಹೇಳಿ ನನ್ನನ್ನು ನೋಡಿ ನಕ್ಕರು, ನಾನೇ ಅವನ ಪಕ್ಕದ ಮನೆಯವನು ಎಂಬ ಹಾಗೆ.

ಊಟಕ್ಕೆ ಮೊದಲೇ ದಸ್ತರ್‌ಖಾನ್ ತುಂಬ ಬಾದಾಮಿ, ವಾಲ್‌ನಟ್, ಒಣ ಏಪ್ರಿಕಾಟ್, ಕಲ್ಲುಸಕ್ಕರೆ. ಅದರಲ್ಲೇ ಹೊಟ್ಟೆ ತುಂಬಿಸಿಕೊಂಡೆ, ಮೊದಲ ತಪ್ಪು. ಆಮೇಲೆ ಬಂತು ಕುರುತೋಬ್. ಮಾಂಸ ತಿನ್ನದ ನನಗಾಗಿ ಅದೊಂದೇ ಮಾಡಿದ್ದರು, ಮನೆಯವರಿಗೂ ಅದೇ. ಮರದ ಹರಿವಾಣ ನಡುವೆ ಇಟ್ಟು ಐದು ಕೈಗಳು ಇಳಿದವು. ಬೇರೆ ತಟ್ಟೆ ಕೇಳಬೇಕು ಅಂತ ಬಾಯಿಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಜ್ಜಿ ತಮ್ಮ ಕಡೆಯ ಹುರಿದ ಈರುಳ್ಳಿಯನ್ನೆಲ್ಲ ಬೆರಳಲ್ಲಿ ಬಳಿದು ನನ್ನ ಕಡೆಗೆ ತಳ್ಳಿದರು. “ಗಿರೇದ್, ಗಿರೇದ್,” ತಗೊಳ್ಳಿ ಅಂತ. ಒಂದು ಗಳಿಗೆ ಕೈ ಹಾಗೇ ನಿಂತಿತು. ಆಮೇಲೆ ತಿಂದೆ. ಹುಳಿ, ಉಪ್ಪು, ಅಗಸೆ ಎಣ್ಣೆಯ ವಾಸನೆ, ನೆನೆದ ರೊಟ್ಟಿ. ಹಳೇ ಮಜ್ಜಿಗೆಹುಳಿಯಲ್ಲಿ ಚಪಾತಿ ಅದ್ದಿದ ಹಾಗಿತ್ತು ಅಂದರೆ ಅವರು ಬೈದುಕೊಂಡಾರು, ಆದರೆ ನನಗೆ ಹಾಗೇ ಅನ್ನಿಸಿದ್ದು.

ಹೊರಡುವಾಗ ಎರಡು ನೋನ್ ಸುತ್ತಿ ಕೊಟ್ಟರು. ನನ್ನ ಹೆಂಡತಿಗೆ ಅಂತ ಒಂದು ಉಡುಪಿನಷ್ಟು ಬಣ್ಣದ ಬಟ್ಟೆ. ನಮ್ಮಲ್ಲಿ ಮುತ್ತೈದೆಯರಿಗೆ ಕಣ ಕೊಡುತ್ತಾರಲ್ಲ, ಹಾಗೆ.

ಒಂದು ವಿಷಯ ಮಾತ್ರ ಅರ್ಥವಾಗಲಿಲ್ಲ. ಗೋಡೆಯ ಮೊಳೆಯಲ್ಲಿ ಬಿಳಿ ಬಟ್ಟೆಯ ಚೀಲ, ಅದರೊಳಗೆ ಒಣಗಿದ ನೋನ್. ಒಂದು ಅಂಚನ್ನು ಯಾರೋ ಕಚ್ಚಿದ್ದರು, ಹಲ್ಲಿನ ಗುರುತು ಹಾಗೇ ಇತ್ತು. ಕೇಳಿದೆ. ಅವರು “ಪಿಸರಮ್” ಎಂದಷ್ಟೇ ಹೇಳಿ ಚಹಾ ಬಗ್ಗಿಸಿದರು.

ಮೂರನೇ ವರ್ಷದವಳು:
‘ಪಿಸರಮ್’ ಅಂದ್ರೆ ನನ್ನ ಮಗ. ದೂರ ಹೋಗೋರು ಹೊರಡೋ ಮುಂಚೆ ಒಂದು ರೊಟ್ಟಿ ಕಚ್ಚಿ ಹೋಗ್ತಾರೆ. ಅವರು ವಾಪಸು ಬರೋವರೆಗೂ ಅದನ್ನ ಹಾಗೇ ಕಾದಿಡ್ತಾರೆ. ಉಳಿದ ರೊಟ್ಟಿ ಅವರನ್ನ ಎಳ್ಕೊಂಡು ಬರುತ್ತೆ ಅನ್ನೋ ನಂಬಿಕೆ. ಅವರ ಮಗ ರಷ್ಯಾದಲ್ಲಿರಬೇಕು. ಇಲ್ಲಿ ದುಡಿಮೆಗೆ ರಷ್ಯಾಕ್ಕೆ ಹೋಗದ ಮನೆ ಹುಡುಕೋದು ಕಷ್ಟ. ಕೆಲವು ವರ್ಷ ದೇಶದ ಒಟ್ಟು ಉತ್ಪನ್ನದ ಮೂರನೇ ಒಂದು ಭಾಗಕ್ಕೂ ಹೆಚ್ಚು ಹಣ ಅಲ್ಲಿಂದಲೇ ಬಂದಿದೆ.

ಹೊಸಬ ದುಶಾಂಬೆ:
ಹೌದು, ಇವತ್ತು ಆಫೀಸಿನಲ್ಲಿ ಕೇಳಿದೆ. ಮಾಸ್ಕೋದಲ್ಲಿ ಕಟ್ಟಡದ ಕೆಲಸ. ಹೋಗಿ ಎರಡು ವರ್ಷ ದಾಟಿತಂತೆ. ನಾನು ಅಲ್ಲಿ ಕೂತು ಎಂಜಲಿನ ಚಿಂತೆ ಮಾಡುತ್ತಿದ್ದಾಗ ಆ ರೊಟ್ಟಿ ನನ್ನ ತಲೆಯ ಮೇಲೆಯೇ ತೂಗುತ್ತಿತ್ತು.

ಬೆಳಗಾವಿ ಕುಂದಾ:
ಓದಿ ಸುಮ್ಮಕ ಕುಂತೆ ನೋಡ್ರಿ. ಊರಿಗ ಬರುವಾಗ ನನಗ ನಾಕ ಕುರುತ್ ಉಂಡಿ ತರ್ರಿ. ನಮ್ಮವ್ವಗ ತೋರಸ್ಬೇಕು.

ಹೊಸಬ ದುಶಾಂಬೆ:
ತರುತ್ತೇನೆ, ಹಲ್ಲು ಜೋಪಾನ. ಇನ್ನೊಂದು ಸುದ್ದಿ. ಮಾರ್ಚ್ 21ಕ್ಕೆ ಹೊಸವರ್ಷದ ಹಬ್ಬ ನವ್ರೂಜ್, ಹಿಂದಿನ ರಾತ್ರಿ ‘ಸುಮನಕ್’ ಮಾಡುತ್ತಾರೆ, ಬಾ ಅಂದಿದ್ದಾರೆ. ಅದರಲ್ಲಿ ಮಾಂಸ ಇಲ್ಲವಲ್ಲ?

ಮೂರನೇ ವರ್ಷದವಳು:
ಇಲ್ಲವೇ ಇಲ್ಲ. ಮೊಳಕೆ ಗೋಧಿ ಅರೆದು ಹಾಲು ಹಿಂಡಿ, ಹಿಟ್ಟು, ಎಣ್ಣೆ ಹಾಕಿ ರಾತ್ರಿಯಿಡೀ ಕಾಯಿಸೋದು. ಒಂದು ಚಮಚ ಸಕ್ಕರೆ ಹಾಕಲ್ಲ, ಮೊಳಕೆಯದೇ ಸಿಹಿ. ತಳ ಹಿಡೀಬಾರದು ಅಂತ ದೇಗಿನೊಳಗೆ ತೊಳೆದ ಬೆಣಚುಕಲ್ಲು ಹಾಕಿರ್ತಾರೆ. ನಿಮ್ಮ ಬಟ್ಟಲಿಗೆ ಕಲ್ಲು ಬಂದ್ರೆ ಉಗಿದು ಎಸೀಬೇಡಿ, ಅದು ಅದೃಷ್ಟ. ಹೆಂಗಸರೆಲ್ಲ ಸುತ್ತ ನಿಂತು ಹಾಡ್ತಾ ಸರದಿ ಮೇಲೆ ಕಲಕ್ತಾರೆ. ನೀವು ಗಂಡಸು, ಹತ್ತಿರ ಬಿಟ್ಟುಕೊಳ್ಳೋದು ಅನುಮಾನ.

ತುಮಕೂರು ಮಾವ:
ನಾನು ಕನ್ನಡದ ಅಕ್ಕ ಅಂತ ಹೇಳಿ ನೋಡಪ್ಪ.